ಓಡೋದು ದೊಡ್ಡದಲ್ಲ, ನಿಲ್ಲೋದು ದೊಡ್ಡದು

ಜಕ್ಕೂರು: ಇಪ್ಪತ್ತು ವರ್ಷ ದಾಟಿದ ಕಾರು ಇಟ್ಟುಕೊಂಡವರ ಬೆನ್ನಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂದು ಬರೆ ಎಳೆಯಿತು. ನೋಂದಣಿ ನವೀಕರಣದ ಶುಲ್ಕ 10 ಸಾವಿರ ರೂಪಾಯಿ! 2022ರ ಮಾರ್ಚ್‌ವರೆಗೆ ಇದೇ ಕೆಲಸ 600 ರೂಪಾಯಿಗೆ ಆಗುತ್ತಿತ್ತು. ಆ ವರ್ಷದ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ 5 ಸಾವಿರ ಆಯಿತು. ಈಗ 20 ದಾಟಿದರೆ ಅದರ ದುಪ್ಪಟ್ಟು. ವಿದೇಶದಿಂದ ತರಿಸಿದ ಕಾರಾದರೆ ಕೇಳೋದೇ ಬೇಡ, 80 ಸಾವಿರ.

ಹಳೇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ ಅನ್ನೋದು ಇದರ ತಾತ್ಪರ್ಯ. ಮನೆ ಮುಂದೆ ಕವರ್ ಹೊದ್ದು ಮಲಗಿದ ಡಬ್ಬಾ ಗಾಡಿಗೆ ಈ ಮಾತು ಸರಿಯೇ ಇರಬಹುದು. ಆದರೆ ಜಕ್ಕೂರು, ಅಮೃತಹಳ್ಳಿ, ಯಲಹಂಕ ಕಡೆ ಇನ್ನೊಂದು ಜಾತಿಯ ಜನ ಇದ್ದಾರೆ. ಒಂದು ಕಾಲಕ್ಕೆ ವೇಗಕ್ಕೆ ಹೆಸರಾದ ಕಾರನ್ನ ಎರಡು ಲಕ್ಷ, ಎರಡೂವರೆ ಲಕ್ಷ ಕಿಲೋಮೀಟರ್ ಓಡಿಸಿ, ಇವತ್ತಿಗೂ ಬೆಳಗಾದರೆ ಒರೆಸಿ, ಸ್ಟಾರ್ಟ್ ಮಾಡಿ, ಎಂಜಿನ್ ಸದ್ದಿಗೆ ಕಿವಿ ಕೊಡೋ ಜನ. ಪ್ರಶ್ನೆ ಇರೋದು ಇವರ ಬಗ್ಗೆ.

ಯಾವ ಕಾರು ಅಂತೀರಾ? ಹೋಂಡಾ ಸಿಟಿ ವಿಟೆಕ್ ನೋಡಿ. 2000ದಿಂದ 2003ರವರೆಗೆ ಬಂದ ಗಾಡಿ. 1.5 ಲೀಟರ್ ಎಂಜಿನ್, 106 ಕುದುರೆ ಶಕ್ತಿ. ಮಾರುತಿ 800ಕ್ಕೆ 37 ಕುದುರೆ ಸಾಕು ಅಂದುಕೊಂಡು ಬೆಳೆದ ಊರಿಗೆ ಇದು ಸಿಡಿಲಿನಂತೆ ಬಂತು. ಅದಕ್ಕೂ ಮುಂಚೆ ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಇತ್ತು. 1984ರಲ್ಲಿ ಬಂದು 2002ರಲ್ಲಿ ನಿಂತ ದೊಡ್ಡ ಮನುಷ್ಯರ ಕಾರು. ಅದಕ್ಕೆ 1.8 ಲೀಟರ್ ಇಸುಜು ಎಂಜಿನ್ ಕೂತ ಮೇಲೆ ಗತ್ತಿನ ಜೊತೆ ಗತಿಯೂ ಬಂತು. ಬೆಂಗಳೂರಿನದೇ ಕೂಸು ಅಂದರೆ ಸಿಪಾನಿ ಕಂಪನಿಯ ಡಾಲ್ಫಿನ್. 1980ರ ದಶಕದ ಫೈಬರ್ ಮೈಯ ಹಗುರ ಕಾರು. ಪೇಟೆಯಲ್ಲಿ ಸೋತರೂ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ತ್ರಿಶಂಕು ಸ್ವರ್ಗ

ಇಂಥ ಕಾರುಗಳ ಸ್ಥಿತಿ ಈಗ ಅತ್ತ ದರಿ ಇತ್ತ ಪುಲಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ತುಂಬಿರಬೇಕು, ಮೂಲ ಸ್ವರೂಪ ಕೆಟ್ಟಿರಬಾರದು, 20 ಸಾವಿರ ಕಟ್ಟಿದರೆ ಬೇರೆ ಸರಣಿಯ ನಂಬರು. ಅದೂ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು. ದಿನದ ಓಡಾಟಕ್ಕಲ್ಲ.

ಸರಿ, ಮೊದಮೊದಲ ಕಾಂಟೆಸ್ಸಾಗೆ 50 ತುಂಬೋದು 2034ಕ್ಕೆ. 2003ರ ವಿಟೆಕ್‌ಗೆ 2053ಕ್ಕೆ! ಅಲ್ಲಿಯವರೆಗೆ ಅದು ಹೊಸದೂ ಅಲ್ಲ, ಪುರಾತನವೂ ಅಲ್ಲ. ಐದೈದು ವರ್ಷಕ್ಕೊಮ್ಮೆ ನವೀಕರಣ ಮಾಡಿಸುತ್ತಲೇ ಇರಬೇಕು. ಇವತ್ತಿನ ದರದಲ್ಲೇ ಲೆಕ್ಕ ಹಾಕಿ. 2028ರಿಂದ 2048ರವರೆಗೆ ಐದು ಸಲ, 50 ಸಾವಿರ. ಧರ್ಮಸ್ಥಳದಲ್ಲೋ ಶ್ರೀರಂಗಪಟ್ಟಣದ ಬಳಿಯೋ ವಸ್ತುಸಂಗ್ರಹಾಲಯ ಸೇರಿದ ಕಾರುಗಳಿಗೆ ಮರ್ಯಾದೆ ಉಂಟು. ರಸ್ತೆಯಲ್ಲೇ ಹಳತಾಗುತ್ತಿರೋ ಕಾರಿಗೆ ರಸೀದಿ ಮಾತ್ರ.

ಹಣ ಕೊಡೋದು ದೊಡ್ಡದಲ್ಲ ಬಿಡಿ. ಕಾರಿನ ಮೇಲೆ ಪ್ರಾಣ ಇಟ್ಟವನು ಹೊಟ್ಟೆ ಬಟ್ಟೆ ಕಟ್ಟಿ ಕೊಡ್ತಾನೆ. ಆದರೆ ಕೊಟ್ಟ 10 ಸಾವಿರಕ್ಕೆ ಏನು ಸಿಕ್ಕಿತು? ವಯಸ್ಸಿಗೆ ದಂಡ ಹಾಕಿದರೆ ಬ್ರೇಕು ಸರಿಹೋಗುತ್ತದೆಯೇ? ಚೆನ್ನಾಗಿ ಸಾಕಿದ ಗಾಡಿಗೂ ಅಷ್ಟೇ, ಹೊಗೆ ಕಾರೋ ಗಾಡಿಗೂ ಅಷ್ಟೇ ಶುಲ್ಕ ಅಂದರೆ ಸಾಕಿದವನಿಗೆ ಸಿಕ್ಕ ನ್ಯಾಯ ಯಾವುದು?

ಮೀಟರು ಹೇಳದ ಲೆಕ್ಕ

ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಜಕ್ಕೂರಿನವರ ತಲೆಯ ಮೇಲೇ ಅದು ಹಾರಾಡುತ್ತಿದೆ.

1940ರ ದಶಕದ ಕೊನೆಯಲ್ಲಿ ಶುರುವಾದ ಜಕ್ಕೂರಿನ ವಿಮಾನ ಮೈದಾನದಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅಲ್ಲಿ ತರಬೇತಿಗೆ ಬಳಸುತ್ತ ಬಂದ ವಿಮಾನಗಳಲ್ಲಿ ಸೆಸ್ನಾ 152 ಒಂದು. ಈ ಮಾದರಿಯ ತಯಾರಿಕೆ ನಿಂತದ್ದು 1985ರಲ್ಲಿ. ಅಂದರೆ ಜಗತ್ತಿನಲ್ಲಿ ಎಲ್ಲೇ ಸೆಸ್ನಾ 152 ಹಾರಲಿ, ಅದಕ್ಕೆ 40 ದಾಟಿದೆ. ಆದರೂ ಅದರಲ್ಲಿ ಹುಡುಗರನ್ನ ಕೂರಿಸಿ ಹಾರಿಸುತ್ತಾರೆ. ಯಾವ ಧೈರ್ಯದ ಮೇಲೆ?

ಪುಸ್ತಕದ ಧೈರ್ಯದ ಮೇಲೆ. ಇಂಥ ವಿಮಾನದ ಯೋಗ್ಯತೆಯನ್ನ ಹುಟ್ಟಿದ ವರ್ಷ ನೋಡಿ ಅಳೆಯೋದಿಲ್ಲ. ಎಂಜಿನ್ ಎಷ್ಟು ಗಂಟೆ ತಿರುಗಿತು ಅನ್ನೋದೇ ಲೆಕ್ಕ. 50 ಗಂಟೆಗೆ ಆಯಿಲ್ ಬದಲಿ, 100 ಗಂಟೆಗೆ ದೊಡ್ಡ ತಪಾಸಣೆ, ಇಷ್ಟು ಸಾವಿರ ಗಂಟೆಗೆ ಎಂಜಿನ್ ಪೂರಾ ಬಿಚ್ಚಿ ಜೋಡಣೆ. ಏನು ಬದಲಾಯಿಸಿದರು, ಯಾವಾಗ, ಯಾರು ಸಹಿ ಹಾಕಿದರು, ಎಲ್ಲ ಲಾಗ್‌ಬುಕ್ಕಿನಲ್ಲಿ. ಇಂಜಿನಿಯರ ಸಹಿ ಇಲ್ಲ ಅಂದರೆ ವಿಮಾನ ಮೇಲೇಳಲ್ಲ. ಅಷ್ಟೇ.

ಇದೇ ಲೆಕ್ಕ ಕಾರಿಗೆ ಹಾಕಿ ನೋಡಿ, ಕಣ್ಣು ತೆರೆಯುತ್ತೆ. ಮೀಟರಿನಲ್ಲಿ 2 ಲಕ್ಷ 40 ಸಾವಿರ ಕಿಲೋಮೀಟರ್ ಇದೆ ಅನ್ನಿ. ಗಂಟೆಗೆ ಸರಾಸರಿ 60ರಂತೆ ಹೆದ್ದಾರಿಯಲ್ಲಿ ಓಡಿದ್ದರೆ ಎಂಜಿನ್ ತಿರುಗಿದ್ದು 4 ಸಾವಿರ ಗಂಟೆ. ಹೆಬ್ಬಾಳದ ಮೇಲುಸೇತುವೆ ಹತ್ತಿರ ಆಮೆ ನಡಿಗೆ ಹಾಕಿ ಸರಾಸರಿ 20ರಂತೆ ಓಡಿದ್ದರೆ? 12 ಸಾವಿರ ಗಂಟೆ! ಮೀಟರು ಒಂದೇ, ಸವೆತ ಮೂರು ಪಟ್ಟು. 10 ಸಾವಿರ ಕಿಲೋಮೀಟರಿಗೆ ಒಂದು ಸಲ ಆಯಿಲ್ ಹಾಕಿಸಿ ಬೀಗುವವನು ಊರೊಳಗಿನ ಓಡಾಟದಲ್ಲಿ ಒಂದೇ ಆಯಿಲಿನಲ್ಲಿ 500 ಗಂಟೆ ಎಂಜಿನ್ ತಿರುಗಿಸಿರುತ್ತಾನೆ. ಪಕ್ಕದ ಮೈದಾನದ ಪುಟ್ಟ ವಿಮಾನಕ್ಕೆ ಅಷ್ಟರಲ್ಲಿ ಹತ್ತು ಸಲ ಆಯಿಲ್ ಬದಲಾಗಿರುತ್ತೆ.

ವಿಟೆಕ್‌ನಂಥ ಎಂಜಿನ್‌ಗೆ ಇದು ಜೀವನ್ಮರಣದ ಮಾತು. ಅದರ ಜಾದೂ ನಡೆಯೋದೇ ಆಯಿಲ್ ಒತ್ತಡದ ಮೇಲೆ. ಎಂಜಿನ್ ಜೋರಾಗಿ ತಿರುಗಿದಾಗ ಆಯಿಲ್ ಒತ್ತಿ, ವಾಲ್ವ್‌ಗಳನ್ನ ಇನ್ನೂ ಎತ್ತರಕ್ಕೆ ತೆರೆಯೋ ಕ್ಯಾಮಿಗೆ ಜೋಡಿಸುತ್ತೆ. ಆಯಿಲ್ ಕೆಸರಾದರೆ ಜಾದೂ ಬಂದ್. ಟೈಮಿಂಗ್ ಬೆಲ್ಟ್ ಸಮಯಕ್ಕೆ ಬದಲಾಗದೆ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ, ಎಂಜಿನ್ ಮನೆ ಹಾಳು. ರಬ್ಬರಿನ ಬೆಲ್ಟಿಗೆ ಕಿಲೋಮೀಟರೂ ಲೆಕ್ಕ, ವರ್ಷವೂ ಲೆಕ್ಕ. ಕಡಿಮೆ ಓಡಿದೆ, ಇನ್ನೂ ಇರಲಿ ಅನ್ನೋ ಹಾಗಿಲ್ಲ.

ಸದ್ದು ಜಾಸ್ತಿ, ಬ್ರೇಕು ನಾಸ್ತಿ

ಬರೀ ಸರ್ಕಾರವನ್ನ ಬೈದರೆ ಅರ್ಧ ಸತ್ಯ ಆಗುತ್ತೆ. ಮಾಲೀಕರಿಗೂ ನಾಲ್ಕು ಮಾತು ಹೇಳಬೇಕು.

ಬಳ್ಳಾರಿ ರಸ್ತೆಯಲ್ಲಿ ಬೆಳಗಿನ ಜಾವ ನಿಂತವರಿಗೆ ಗೊತ್ತು, ಕೆಲವರ ಕಾರು ಕಣ್ಣಿಗೆ ಬೀಳೋಕೆ ಮುಂಚೆ ಕಿವಿಗೆ ಬೀಳುತ್ತೆ. ಸೈಲೆನ್ಸರಿಗೆ ಸುರಿದ ದುಡ್ಡಿನಲ್ಲಿ ಕಾಲು ಭಾಗ ಬ್ರೇಕಿಗೆ ಹಾಕಿರಲ್ಲ. ಅಲಾಯ್ ಚಕ್ರ ಮಿರಿಮಿರಿ ಮಿಂಚುತ್ತೆ, ಅದರ ಮೇಲಿನ ಟೈರು ಎಂಟು ವರ್ಷದ್ದು. ಟೈರಿನ ಪಕ್ಕದಲ್ಲೇ ನಾಲ್ಕು ಅಂಕಿ ಅಚ್ಚಾಗಿರುತ್ತೆ. ಮೊದಲೆರಡು ಯಾವ ವಾರ, ಕೊನೆಯೆರಡು ಯಾವ ವರ್ಷ ತಯಾರಾದದ್ದು ಅಂತ. ಬಗ್ಗಿ ನೋಡಿದವರೆಷ್ಟು ಜನ? ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರನ್ನ ಕುಡಿಯುತ್ತ ಹೋಗುತ್ತೆ. ನೀರು ಸೇರಿದ ಆಯಿಲ್ ಕಾದಾಗ ಕುದಿಯುತ್ತೆ, ಪೆಡಲ್ ನೆಲ ಮುಟ್ಟುತ್ತೆ. ಅದನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಯಾವ ಸ್ಟಿಕ್ಕರೂ ಕೂಗೋದಿಲ್ಲ.

ಲೆಕ್ಕ ಸರಳ. 60ರಲ್ಲಿ ಹೋಗೋ ಕಾರಿಗೆ ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ ಬೇಕಾದ ದೂರದ ನಾಲ್ಕು ಪಟ್ಟು 120ರಲ್ಲಿ ಬೇಕು. ಎರಡು ಪಟ್ಟಲ್ಲ, ನಾಲ್ಕು. ಇಪ್ಪತ್ತೈದು ವರ್ಷದ ಬ್ರೇಕ್ ಹೋಸು, ಸಡಿಲಾದ ಬುಷ್ಷು ಇಟ್ಟುಕೊಂಡು 106 ಕುದುರೆಗಳನ್ನ ಒಟ್ಟಿಗೆ ಬಿಟ್ಟರೆ ಕಾರಿನವನೊಬ್ಬನೇ ಅಲ್ಲ, ರಸ್ತೆ ದಾಟೋ ಹೂವಿನ ಮುದುಕಿಯೂ ಅದಕ್ಕೆ ಬೆಲೆ ತೆರಬೇಕಾಗುತ್ತೆ. ಬೇರೆ ಎಂಜಿನ್ ಕೂರಿಸಿ ಇನ್ನೂ ವೇಗ ಮಾಡ್ತೀನಿ ಅನ್ನೋರಿಗೆ ಇನ್ನೊಂದು ಮಾತು: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಪೆಟ್ರೋಲ್ ಬಂಕಿನಿಂದಲೂ ಹೊಸ ತಲೆನೋವು. 20 ಪಾಲು ಎಥೆನಾಲ್ ಸೇರಿದ ಪೆಟ್ರೋಲ್ 2025ರ ಹೊತ್ತಿಗೆ ಎಲ್ಲೆಡೆ ಹಬ್ಬಿತು. ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಆ ವರ್ಷದ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಹೋಸು ಬಿರುಕು ಬಿಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಳೇ ಕಾರಿನವರು ಮೊದಲು ನೋಡಬೇಕಾದ್ದು ಈ ಕೊಳವೆ.

ಬೆಂಕಿ ಕಲಿಸಿದ ಪಾಠ

ಬೆಂಕಿ ಅಂದಾಗ ಯಲಹಂಕದವರಿಗೆ 2019ರ ಫೆಬ್ರುವರಿ ನೆನಪಾಗದೆ ಇರದು. ಏರೋ ಇಂಡಿಯಾ ಪ್ರದರ್ಶನ ನೋಡೋಕೆ ಬಂದವರ ಕಾರುಗಳು ನಿಂತಿದ್ದ ಬಯಲಿಗೆ ಬೆಂಕಿ ಬಿತ್ತು. ಸುಮಾರು 300 ಕಾರು ಸುಟ್ಟು ಅಸ್ಥಿಪಂಜರವಾದವು. ಪೂರ್ಣ ವಿಮೆ ಇದ್ದವರಿಗೆ ಏನೋ ದಾರಿ ಇತ್ತು. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಸ್ವಂತ ಗಾಡಿ ಸುಟ್ಟರೆ ಬಿಡಿಗಾಸೂ ಬರಲ್ಲ.

ಹಳೇ ಕಾರಿನವರು ಎಡವೋದು ಇಲ್ಲೇ. ಹಳೇದಕ್ಕೆ ಯಾಕೆ ಪೂರ್ಣ ವಿಮೆ ಅಂತ ಕೈ ಬಿಡ್ತಾರೆ. ಐದು ವರ್ಷ ದಾಟಿದ ಕಾರಿಗೆ ಕಿಮ್ಮತ್ತು ಕಟ್ಟೋದು ಕಂಪನಿ ಮತ್ತು ಮಾಲೀಕ ಇಬ್ಬರೂ ಒಪ್ಪಿಕೊಂಡ ಮೊತ್ತಕ್ಕೆ. ಒಪ್ಪಿಸೋಕೆ ಕೈಯಲ್ಲಿ ಏನಿದೆ? ಬಿಲ್ಲು ಹರಿದು ಹಾಕಿದ್ದಾಗಿದೆ, ಪುಸ್ತಕ ಬರೆದಿಲ್ಲ. ಎರಡು ಲಕ್ಷ ಸುರಿದು ಸಾಕಿದ ಗಾಡಿಯೂ ಕಾಗದದ ಮೇಲೆ ಗುಜರಿಯೇ.

ಕೈಗಳೂ ಕಮ್ಮಿಯಾಗುತ್ತಿವೆ

ಇನ್ನು ಬಿಡಿಭಾಗದ ಪಾಡು. ಜೆ.ಸಿ. ರಸ್ತೆಯ ಅಂಗಡಿ ಸಾಲು, ಶಿವಾಜಿನಗರದ ಗುಜರಿ, ಎರಡೂ ಸುತ್ತಿದರೆ ಫಿಲ್ಟರು, ಬೇರಿಂಗು, ಬುಷ್ಷು ಹೇಗೋ ಸಿಕ್ಕುತ್ತೆ. ಹೆಡ್‌ಲೈಟ್ ಗಾಜು, ಬಾಗಿಲ ರಬ್ಬರು, ಡ್ಯಾಶ್‌ಬೋರ್ಡ್ ತುಂಡು ಬೇಕು ಅಂದರೆ ಇನ್ನೊಂದು ಅದೇ ಕಾರು ಸಾಯಬೇಕು. ಎರಡು ಕಾರು ಕೊಂಡು ಒಂದನ್ನ ಬಿಚ್ಚಿ ಇನ್ನೊಂದನ್ನ ಬದುಕಿಸೋದು ಈ ಹುಚ್ಚಿನವರಿಗೆ ಹೊಸದಲ್ಲ.

ಭಾಗಕ್ಕಿಂತ ಅಪರೂಪ ಕೈ. ಕಾರ್ಬುರೇಟರ್ ಬಿಚ್ಚಿ ಸದ್ದು ಕೇಳಿಯೇ ಹದ ಮಾಡೋ ಮೆಕ್ಯಾನಿಕ್‌ಗೆ ವಯಸ್ಸಾಯಿತು. ಈಗಿನ ಹುಡುಗ ಸ್ಕ್ಯಾನರ್ ಚುಚ್ಚಿ ಏನು ತೋರಿಸುತ್ತೋ ಅದನ್ನ ಬದಲಾಯಿಸ್ತಾನೆ. ಅವನ ತಪ್ಪಲ್ಲ, ಕಲಿಸೋರು ಯಾರು? ಹಳೇ ಕಾರೆಲ್ಲ ಒಂದೇ ಸಲ ಗುಜರಿ ಸೇರಿದರೆ ಈ ವಿದ್ಯೆಯೂ ಅದರ ಜೊತೆಗೇ ಹೋಗುತ್ತೆ. ಶುಲ್ಕ ಏರಿಸಿದವರು ಈ ನಷ್ಟವನ್ನ ಯಾವ ಕಾಲಮಿನಲ್ಲಿ ಬರೆದರೋ!

ಏನು ಮಾಡಬೇಕು?

ಹಳೇ ಕಾರು ಹೆಚ್ಚು ಹೊಗೆ ಉಗುಳುತ್ತೆ ಅನ್ನೋ ಆಕ್ಷೇಪ ಸುಳ್ಳಲ್ಲ. ಈಗಿನ ಬಿಎಸ್-6 ಕಾರಿನಷ್ಟು ಶುದ್ಧ ಅದು ಆಗಲಾರದು. ಆದರೆ ವಾರಕ್ಕೊಮ್ಮೆ ಹೊರಬರೋ, ಹದವಾಗಿ ಟ್ಯೂನ್ ಆದ ಗಾಡಿಯನ್ನೂ ದಿನವಿಡೀ ನೀಲಿ ಹೊಗೆ ಬಿಡೋ ಗಾಡಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತಷ್ಟೇ ಕೇಳಬೇಕಾದ್ದು. ಯಾವುದು ಯಾವುದು ಅಂತ ಪ್ರಾಮಾಣಿಕವಾಗಿ ಮಾಡಿದ ಹೊಗೆ ತಪಾಸಣೆ ಹೇಳುತ್ತೆ. ಹುಟ್ಟಿದ ತಾರೀಕು ಹೇಳಲ್ಲ.

ಆದ್ದರಿಂದ ಸಾರಿಗೆ ಇಲಾಖೆಯ ಮಹನೀಯರು 10 ಸಾವಿರ ತೆಗೆದುಕೊಳ್ಳೋದೇ ಆದರೆ 10 ಸಾವಿರದ ತಪಾಸಣೆಯನ್ನೂ ಮಾಡಲಿ. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಹಾರ್ನ್ ಒತ್ತಿಸಿ ಮುಗಿಸೋದಲ್ಲ. ಗಾಡಿ ಎತ್ತಿ ಕೆಳಗಡೆ ನೋಡಲಿ, ನಾಲ್ಕು ಚಕ್ರದ ಬ್ರೇಕನ್ನೂ ಯಂತ್ರದ ಮೇಲೆ ಅಳೆಯಲಿ, ಟೈರಿನ ತಾರೀಕು, ಪೆಟ್ರೋಲ್ ಹೋಸು, ಹೊಗೆ ಎಲ್ಲ ಪರೀಕ್ಷಿಸಲಿ. ಪಾಸಾದರೆ ಮುಂದಿನ ಸಲ ಶುಲ್ಕದಲ್ಲಿ ರಿಯಾಯಿತಿ ಕೊಡಲಿ. ಫೇಲಾದರೆ ಕಾರು ಎಷ್ಟೇ ಸುಂದರಿಯಾಗಿದ್ದರೂ ರಸ್ತೆಗೆ ಬಿಡದಿರಲಿ. 25 ವರ್ಷ ದಾಟಿ, ಮೂಲ ಸ್ವರೂಪ ಉಳಿಸಿಕೊಂಡ ಗಾಡಿಗಳಿಗೆ ವಿಂಟೇಜ್‌ಗಿಂತ ಒಂದು ಮೆಟ್ಟಿಲು ಕೆಳಗೆ ಬೇರೊಂದು ವರ್ಗ ಮಾಡಿದರೆ ಯಾರ ಗಂಟು ಹೋಗುತ್ತೆ?

ಮಾಲೀಕರು ಮಾಡಬೇಕಾದ್ದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಕು, ಮೀಟರ್, ಏನು ಬದಲಾಯಿತು, ಯಾರ ಕೈಯಿಂದ ಆಯಿತು, ಎಷ್ಟಾಯಿತು ಅಂತ ಬರೆದು ಬಿಲ್ಲು ಅಂಟಿಸಿ. ಮಾರುವಾಗ ಕೊಳ್ಳೋನಿಗೆ ಅದೇ ಧೈರ್ಯ. ವಿಮೆಯವನ ಮುಂದೆ ಅದೇ ಸಾಕ್ಷಿ. ಇನ್ಸ್‌ಪೆಕ್ಟರ್ ಎದುರು ಅದೇ ವಾದ. ಬ್ರೇಕು, ಟೈರು, ಹೋಸು, ಬೆಲ್ಟು ಈ ನಾಲ್ಕೂ ಪುಸ್ತಕದಲ್ಲಿ ಸರಿಯಾದ ಮೇಲೆ ಸೈಲೆನ್ಸರಿನ ಮಾತು.

ವಿಮಾನ ಮೈದಾನದ ಬೇಲಿಯ ಆಚೆ ಈ ಶಿಸ್ತು ದಿನಾ ನಡೆಯುತ್ತಿದೆ. ಬೇಲಿಯ ಈಚೆಗೆ ಅದು ಬಂದರೆ ಹಳೇ ಕಾರನ್ನ ಯಾರೂ ಕರುಣೆಯಿಂದ ನೋಡಬೇಕಾಗಿಲ್ಲ. ಬರದೇ ಹೋದರೆ 10 ಸಾವಿರ ಕಟ್ಟಿದ ರಸೀದಿ ಹಿಡಿದ ಕಾರೂ ಒಂದೇ, ಕಟ್ಟದ್ದೂ ಒಂದೇ. ಬಳ್ಳಾರಿ ರಸ್ತೆಯಲ್ಲಿ ಅಡ್ಡ ಬಂದ ಮಗುವಿಗೆ ರಸೀದಿ ಕಾಣಿಸಲ್ಲ.