ಕಾರ್ಡಿಗೆ ಅವಸರವೇನು?

ಗಿಟಾರ್ ಕ್ಲಾಸಿಗೆ ಸೇರಿದವರಿಗೆ ಮೊದಲ ವಾರವೇ ಸಿಗುವುದು ಮೂರು ನಾಲ್ಕು ಕಾರ್ಡುಗಳು: ಇ ಮೈನರ್, ಜಿ, ಸಿ, ಡಿ. ಚೌಕಳಿ ಗೆರೆಗಳ ಮೇಲೆ ಕಪ್ಪು ಚುಕ್ಕೆ ಇಟ್ಟ ಚಿತ್ರ ನೋಡಿಕೊಂಡು ಎಡಗೈ ಬೆರಳು ಕೂರಿಸುವುದು, ಬಲಗೈಯಲ್ಲಿ ಮೇಲೆ ಕೆಳಗೆ ಸ್ಟ್ರಮ್ ಮಾಡುವುದು. ಒಂದೆರಡು ತಿಂಗಳಲ್ಲಿ ಯಾವುದಾದರೂ ಹಾಡಿಗೆ ಜೊತೆ ಕೊಡುವಷ್ಟಾದರೆ ಮನೆಯವರಿಗೂ ಸಮಾಧಾನ. ಬೆಂಗಳೂರಿನ ಕ್ಲಾಸುಗಳಲ್ಲೂ ಮೊಬೈಲಿನ ಪಾಠಗಳಲ್ಲೂ ಬಹುಮಟ್ಟಿಗೆ ಇದೇ ಕ್ರಮ. ಇಷ್ಟು ಮೇಷ್ಟ್ರುಗಳು ಅನುಸರಿಸುವುದನ್ನು ಪೂರ್ತಿ ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆದರೂ ಕನ್ನಡದ ಹಾಡು ಕೇಳಿ ಬೆಳೆದ ಹೊಸಬರ ಮಟ್ಟಿಗೆ ಈ ಕ್ರಮ ತಲೆಕೆಳಗಾಗಿದೆ ಎಂದೇ ನನಗನ್ನಿಸುತ್ತದೆ. ಮೊದಲು ಒಂದೇ ತಂತಿಯ ಮೇಲೆ ಸ್ವರ, ಅದೂ ನಮ್ಮ ಸರಳೆ ವರಸೆ ಬರಲಿ. ಕಾರ್ಡು ಆಮೇಲೆ.

ಕಾರ್ಡಿನ ಪರವಾದ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೂರು ಕಾರ್ಡು ಬಂದರೆ ನೂರು ಹಾಡು ಬಂತು ಎನ್ನುತ್ತಾರಲ್ಲ, ಅದರಲ್ಲಿ ನಿಜವಿದೆ. 1956ರಲ್ಲಿ ಲಾನಿ ಡೊನೆಗನ್ ಹಾಡಿದ ‘ರಾಕ್ ಐಲೆಂಡ್ ಲೈನ್’ ಬ್ರಿಟನ್ನಿನಲ್ಲಿ ಮನೆಮಾತಾದಾಗ ಅಲ್ಲಿನ ಹುಡುಗರಿಗೆ ಸ್ಕಿಫಲ್ ಹುಚ್ಚು ಹಿಡಿಯಿತು. ಒಂದು ಅಗ್ಗದ ಗಿಟಾರು, ಬಟ್ಟೆ ಉಜ್ಜುವ ಹಲಗೆ, ಟೀ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ಮಾಡಿದ ಬೇಸ್, ಮೂರು ಕಾರ್ಡು: ಬ್ಯಾಂಡ್ ತಯಾರು. ಲಿವರ್‌ಪೂಲಿನ ಜಾನ್ ಲೆನನ್ ಶುರು ಮಾಡಿದ್ದೂ ಹಾಗೆಯೇ. ತಾಯಿ ಜೂಲಿಯಾ ಹೇಳಿಕೊಟ್ಟಿದ್ದ ಬ್ಯಾಂಜೊ ಕಾರ್ಡುಗಳನ್ನೇ ಆತ ಗಿಟಾರಿನ ಮೇಲೆ ಹಿಡಿಯುತ್ತಿದ್ದ. ಆ ದಾರಿಯಲ್ಲಿ ಬೀಟಲ್ಸ್ ಬಂದರು ಎಂದ ಮೇಲೆ ಆಕ್ಷೇಪ ಎತ್ತಲು ನಾನು ಯಾವ ಊರ ದಾಸಯ್ಯ!

ಆದರೆ ಆ ಹುಡುಗರ ಕಿವಿ ಆಗಲೇ ಹದವಾಗಿತ್ತು. ಲೆನನ್ ಚಿಕ್ಕಂದಿನಲ್ಲಿ ಚರ್ಚಿನ ಗಾಯನ ತಂಡದಲ್ಲಿ ಹಾಡಿದವನು. ಮೆಕಾರ್ಟ್ನಿಯ ತಂದೆ ಸ್ವಂತ ಜಾಸ್ ಬ್ಯಾಂಡ್ ಕಟ್ಟಿ ನುಡಿಸುತ್ತಿದ್ದವರು. ಹಲವು ದನಿಗಳು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಸಾಗುವುದನ್ನು ಕೇಳುತ್ತಲೇ ಬೆಳೆದವರಿಗೆ ಕಾರ್ಡು ಎಂದರೆ ಪರಿಚಿತ ಸದ್ದು, ಬೆರಳಿಗಷ್ಟೇ ಹೊಸದು. ನಮ್ಮಲ್ಲಿ ದೇವರನಾಮ, ಭಜನೆ, ಲಾವಣಿ, ಭಾವಗೀತೆ ಎಲ್ಲವೂ ಶ್ರುತಿಯ ಮೇಲೆ ಹರಿಯುವ ಒಂದೇ ಧಾರೆ. ಸಿನಿಮಾ ಹಾಡಿನ ಹಿನ್ನೆಲೆಯಲ್ಲಿ ಕಾರ್ಡುಗಳು ಬೇಕಾದಷ್ಟಿವೆ, ಒಪ್ಪೋಣ. ಬಚ್ಚಲುಮನೆಯಲ್ಲಿ ನಾವು ಗುನುಗುವುದು ಮಾತ್ರ ಮಟ್ಟನ್ನು. ಕಾರ್ಡಿನಿಂದ ಶುರು ಮಾಡಿದ ಹುಡುಗನಿಗೆ ‘ಆ ಹಾಡಿನ ಪಲ್ಲವಿ ನುಡಿಸಪ್ಪಾ’ ಎಂದು ಕೇಳಿ ನೋಡಿ. ಜೊತೆಗೆ ಯಾರಾದರೂ ಹಾಡಬೇಕು ಎನ್ನುತ್ತಾನೆ. ಕಾಗುಣಿತ ಕಲಿಸುವ ಮುಂಚೆ ಒತ್ತಕ್ಷರ ತಿದ್ದಿಸಿದರೆ ಆಗುವುದೇ ಹೀಗೆ.

ಪಶ್ಚಿಮದವರೆಲ್ಲ ಕಾರ್ಡಿನಿಂದಲೇ ಶುರು ಮಾಡುತ್ತಾರೆ ಎಂಬುದೂ ಅರ್ಧಸತ್ಯ. ಅಮೆರಿಕದಲ್ಲಿ ತಲೆಮಾರುಗಳಿಂದ ಮಾರಾಟವಾಗುತ್ತಿರುವ ಮೆಲ್ ಬೇ ಅವರ ಪಾಠಪುಸ್ತಕ ಮೊದಲನೇ ತಂತಿಯ ಬಿಡಿ ಸ್ವರಗಳಿಂದ ಆರಂಭವಾಗುತ್ತದೆ. ಕ್ಲಾಸಿಕಲ್ ಗಿಟಾರಿನ ಪಾಠಗಳೂ ಸಾಮಾನ್ಯವಾಗಿ ಹಾಗೆಯೇ.

ನನಗೆ ನಿಜವಾಗಿ ಅಚ್ಚರಿ ಹುಟ್ಟಿಸುವುದು ಇನ್ನೊಂದು ಸಂಗತಿ. ಹೊರಗಿನಿಂದ ಬಂದ ಬೇರೆ ವಾದ್ಯಗಳ ಜೊತೆ ನಾವು ಹೀಗೆ ನಡೆದುಕೊಳ್ಳಲಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಅಲ್ಲಿಂದ ಮುಂದೆ ನಮ್ಮವರು ಅದರ ಶ್ರುತಿಯನ್ನೇ ಬದಲಿಸಿ ತಂತಿಗಳನ್ನು ಷಡ್ಜ ಪಂಚಮಗಳಿಗೆ ಸೇರಿಸಿದರು, ನೆಲದ ಮೇಲೆ ಕೂತು ನುಡಿಸುವ ಭಂಗಿ ಕಂಡುಕೊಂಡರು. ಮೈಸೂರಿನ ಟಿ. ಚೌಡಯ್ಯನವರು ನಾದ ಸಾಲದು ಎಂದು ಏಳು ತಂತಿ ಕಟ್ಟಿಸಿಕೊಂಡರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲೇ ಕೀರ್ತನೆ ನುಡಿಸಿದರು. ಯು. ಶ್ರೀನಿವಾಸ್ ಮ್ಯಾಂಡೊಲಿನ್ನನ್ನೇ ಕಛೇರಿಗೆ ತಂದರು. ಇವತ್ತು ಪಿಟೀಲು ಕಲಿಯಲು ಬಂದ ಮಗುವಿಗೆ ನಮ್ಮ ಮೇಷ್ಟ್ರು ಸರಿಗಮದಿಂದ ಹೇಳಿಕೊಡುತ್ತಾರೆಯೇ ಹೊರತು ಮೊದಲು ವಿವಾಲ್ಡಿ ನುಡಿಸು ಎನ್ನುವುದಿಲ್ಲ. ಗಿಟಾರೊಂದು ಮಾತ್ರ ನಮ್ಮಲ್ಲಿ ಇಷ್ಟು ವರ್ಷ ಇದ್ದೂ ಅತಿಥಿಯಾಗಿಯೇ ಉಳಿದಿದೆ, ಆರ್. ಪ್ರಸನ್ನ ಅವರಂಥವರು ಅದರ ಮೇಲೆ ಪೂರ್ಣ ಪ್ರಮಾಣದ ಕಛೇರಿ ಕೊಟ್ಟು ತೋರಿಸಿದ ಮೇಲೂ.

ಸರಳೆಗೆ ಗಿಟಾರಿನಷ್ಟು ಅನುಕೂಲದ ವಾದ್ಯ ಸಿಗುವುದೂ ಕಷ್ಟ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂದು ಪರಂಪರೆ ನಂಬುವ ಆರಂಭದ ಪಾಠಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿವೆ. ನಾಲ್ಕನೇ ತಂತಿಯನ್ನು, ಅಂದರೆ ಡಿ ತಂತಿಯನ್ನು, ಬೆರಳಿಡದೆ ಮೀಟಿದರೆ ಬರುವುದನ್ನು ಷಡ್ಜ ಎಂದುಕೊಳ್ಳಿ. ಒಂದನೇ ಫ್ರೆಟ್ಟಿನಲ್ಲಿ ಶುದ್ಧ ರಿಷಭ, ನಾಲ್ಕರಲ್ಲಿ ಅಂತರ ಗಾಂಧಾರ, ಐದರಲ್ಲಿ ಶುದ್ಧ ಮಧ್ಯಮ. ಏಳರಲ್ಲಿ ಪಂಚಮ, ಎಂಟರಲ್ಲಿ ಶುದ್ಧ ಧೈವತ, ಹನ್ನೊಂದರಲ್ಲಿ ಕಾಕಲಿ ನಿಷಾದ, ಹನ್ನೆರಡರಲ್ಲಿ ತಾರ ಷಡ್ಜ. ಪೂರ್ವಾಂಗದ ನಡೆಯೂ ಉತ್ತರಾಂಗದ ನಡೆಯೂ ತದ್ರೂಪ: ಒಂದು ಫ್ರೆಟ್ಟು, ಮೂರು ಫ್ರೆಟ್ಟು, ಒಂದು ಫ್ರೆಟ್ಟು. ಈ ರಾಗವನ್ನೇ ಹೊಸಬರಿಗೆ ಏಕೆ ಆರಿಸಿದರು ಎಂಬ ಪ್ರಶ್ನೆಗೆ ಹೇಳುವ ಕಾರಣಗಳಲ್ಲಿ ಈ ಸಮತೆಯೂ ಒಂದು. ಹಾಡುವವರಿಗೆ ಅದನ್ನು ಬಾಯಲ್ಲಿ ವಿವರಿಸಬೇಕು; ಗಿಟಾರಿನ ಹಲಗೆಯ ಮೇಲೆ ಅದು ಕಣ್ಣಿಗೇ ಕಾಣುತ್ತದೆ. ಏಳನೇ ಫ್ರೆಟ್ಟಿನಲ್ಲಿ ಒತ್ತಿದಾಗ ತಂತಿಯ ಮೂರನೇ ಎರಡು ಭಾಗ ಮಿಡಿಯುತ್ತದೆ, ಹನ್ನೆರಡರಲ್ಲಿ ಅರ್ಧ ಭಾಗ. ಪಂಚಮಕ್ಕೂ ತಾರ ಷಡ್ಜಕ್ಕೂ ಇರುವ ಲೆಕ್ಕವನ್ನು ಸ್ಕೇಲು ಹಿಡಿದು ಅಳೆದೇ ನೋಡಬಹುದು.

ಪಕ್ಕದ ಐದನೇ ತಂತಿ ಹೇಗೂ ಎ. ಡಿ ಷಡ್ಜವಾದರೆ ಅದು ಮಂದ್ರ ಪಂಚಮ. ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿದರೆ (ಪಾಶ್ಚಾತ್ಯ ವಾದಕರೂ ಆಗಾಗ ಹೀಗೆ ಇಳಿಸಿಕೊಳ್ಳುತ್ತಾರೆ) ಕೆಳಗಿನ ಷಡ್ಜವೂ ಸಿಕ್ಕಿತು. ವೀಣೆಯ ಪಕ್ಕದ ತಾಳದ ತಂತಿಗಳನ್ನು ಕಿರುಬೆರಳಿನಿಂದ ಮೀಟುವ ಹಾಗೆ ಇಲ್ಲಿ ಹೆಬ್ಬೆರಳಿನಿಂದ ಇವನ್ನು ಮೀಟುತ್ತಾ ಆದಿತಾಳ ಹಿಡಿಯಬಹುದು. ಒಂಟಿ ತಂತಿಯ ಸದ್ದು ಬಡಕಲು ಎನ್ನುವವರ ಬಾಯಿಗೂ ಬೀಗ ಬಿತ್ತು.

ಬೆರಳಿನ ಕಡೆಯಿಂದ ನೋಡೋಣ. ಅಕೂಸ್ಟಿಕ್ ಗಿಟಾರಿಗೆ ಹಾಕುವ ಸಾಮಾನ್ಯ ಲೈಟ್ ಸ್ಟೀಲ್ ತಂತಿಗಳು ಆರೂ ಸೇರಿ 70 ಕಿಲೋ ಮೀರಿದ ಬಿಗಿತದಲ್ಲಿರುತ್ತವೆ; ನೈಲಾನ್ ತಂತಿಗಳ ಬಿಗಿತ ಸುಮಾರು ಅದರ ಅರ್ಧ. ಎಲ್ಲರನ್ನೂ ಹೆದರಿಸುವ ಎಫ್ ಕಾರ್ಡಿನಲ್ಲಿ ತೋರುಬೆರಳೊಂದೇ ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು, ಅದೂ ತಂತಿ ಅತಿ ಹೆಚ್ಚು ಪ್ರತಿರೋಧ ಒಡ್ಡುವ ಒಂದನೇ ಫ್ರೆಟ್ಟಿನಲ್ಲಿ. ಬರ್ರ್ ಎಂದು ಸದ್ದು ಬಂದರೆ ಆರರಲ್ಲಿ ಯಾವ ತಂತಿ ಕೈಕೊಟ್ಟಿತು ಎಂದು ಹೊಸಬರಿಗೆ ಕೇಳಿಸುವುದಿಲ್ಲ; ಕಣ್ಣಲ್ಲಿ ಬೆರಳು ನೋಡಿ ಊಹಿಸುತ್ತಾರೆ. ಒಂದು ತಂತಿಯ ಪಾಠದಲ್ಲಿ ತಪ್ಪು ಮರೆಯಾಗಲು ಜಾಗವಿಲ್ಲ. ಬೆರಳು ಫ್ರೆಟ್ಟಿನಿಂದ ಹಿಂದೆ ಸರಿದದ್ದು, ಎರಡನೇ ಕಾಲಕ್ಕೆ ಹೋದಾಗ ಬಲಗೈ ಮುಂದೋಡಿದ್ದು, ಎಲ್ಲ ಅಲ್ಲಲ್ಲೇ ಕಿವಿಗೆ ಬೀಳುತ್ತದೆ. ಬೆರಳು ಉರಿಯುವುದು ಇಲ್ಲೂ ತಪ್ಪಿದ್ದಲ್ಲ. ರಕ್ತ ಬರುವವರೆಗೆ ಒತ್ತಿದವನೇ ನಿಜವಾದ ಶಿಷ್ಯ ಎನ್ನುವ ಶೌರ್ಯದ ಮಾತುಗಳಿಗೆ ಮಾತ್ರ ದಯವಿಟ್ಟು ಕಿವಿಗೊಡಬೇಡಿ. ತಂತಿ ಹಲಗೆಯಿಂದ ವಿಪರೀತ ಎತ್ತರದಲ್ಲಿದ್ದರೆ ಅಂಗಡಿಗೆ ಒಯ್ದು ಇಳಿಸಿಕೊಳ್ಳಬೇಕು, ಅಷ್ಟೆ.

ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಮೂನಿ, ಹೊಸದಾಗಿ ಕಲಿಯಲು ಹೊರಟವರಲ್ಲಿ ಶೇ 90ರಷ್ಟು ಮಂದಿ ಒಂದು ವರ್ಷದೊಳಗೆ ಕೈಬಿಡುತ್ತಾರೆ ಎಂದು ಹೇಳುತ್ತಿದ್ದರು. ಅವರೆಲ್ಲ ಎಫ್ ಕಾರ್ಡಿಗೆ ಹೆದರಿ ಓಡಿದವರು ಎಂದು ನಾನು ವಾದಿಸುವುದಿಲ್ಲ. ಅಷ್ಟೂ ಜನ ಸೋಮಾರಿಗಳು ಎಂಬ ತೀರ್ಮಾನವನ್ನೂ ಒಪ್ಪುವುದಿಲ್ಲ.

ಸರಳೆ ಎಂದರೆ ಹುಡುಗರಿಗೆ ಬೇಸರ ಎಂಬ ಆಕ್ಷೇಪ ಬರುತ್ತದೆ. ಅಂಥವರಿಗೆ ಡಿಕ್ ಡೇಲ್ ಅವರ ‘ಮಿಸಿರ್ಲೂ’ ಕೇಳಿಸಿ. ಒಂದೇ ತಂತಿಯಲ್ಲಿ ಇಡೀ ಹಾಡು ನುಡಿಸಬಲ್ಲಿರಾ ಎಂದು ಅಭಿಮಾನಿ ಹುಡುಗನೊಬ್ಬ ಹಾಕಿದ ಸವಾಲಿನಿಂದ ಅದು ಹುಟ್ಟಿತೆಂಬುದು ಪ್ರಸಿದ್ಧ ಕಥೆ. ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಮಟ್ಟೊಂದನ್ನು ಆತ ದಪ್ಪ ಇ ತಂತಿಯ ಮೇಲೆ ಮಿಂಚಿನ ವೇಗದಲ್ಲಿ ನುಡಿಸಿ 1962ರಲ್ಲಿ ಹೊರತಂದರು. 1994ರ ‘ಪಲ್ಪ್ ಫಿಕ್ಷನ್’ ಸಿನಿಮಾದಿಂದ ಅದು ಜಗತ್ತಿಗೆಲ್ಲ ಮತ್ತೆ ಪರಿಚಯವಾಯಿತು. ಅದರ ಮುಖ್ಯ ಮಟ್ಟಿನ ಸ್ವರಗಳು ನಮ್ಮ ಮಾಯಾಮಾಳವಗೌಳದವೇ. ಸರಳೆ ಬಂದ ಬೆರಳಿಗೆ ಅದರ ದಾರಿ ಗೊತ್ತು, ವೇಗವೊಂದು ಬರಬೇಕು.

ಸಂಗೀತ ಬಲ್ಲವರ ಆಕ್ಷೇಪ ಇದಕ್ಕಿಂತ ಗಟ್ಟಿ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ನಾಲ್ಕನೇ ಫ್ರೆಟ್ಟಿನ ಗಾಂಧಾರ ಕೂದಲೆಳೆಯಷ್ಟು ಮೇಲೆ. ಗಮಕಕ್ಕೂ ವೀಣೆಯಷ್ಟು ಎಳೆತ ಇಲ್ಲಿಲ್ಲ. ಇದೆಲ್ಲ ಸರಿ. ಆದರೆ ಸರಳೆಯನ್ನು ಕಲಿಸುವುದು ಬಹುಮಟ್ಟಿಗೆ ಗಮಕವಿಲ್ಲದ ನೇರ ಸ್ವರಗಳಲ್ಲಿ. ಗಾಂಧಾರದ ವ್ಯತ್ಯಾಸ ಕೇಳಿಸುವ ದಿನ ಆ ವಿದ್ಯಾರ್ಥಿಯ ಕಿವಿ ಅವನ ವಾದ್ಯವನ್ನು ಮೀರಿ ಬೆಳೆದಿರುತ್ತದೆ, ದೂರುವುದಕ್ಕೇನಿದೆ? ನುಡಿಸುವಾಗ ಜೊತೆಜೊತೆಗೆ ಬಾಯಲ್ಲೂ ಸ್ವರ ಹೇಳಬೇಕೆಂಬ ಒಂದು ಕಟ್ಟುಪಾಡು ಮಾತ್ರ ಬೇಕೇ ಬೇಕು. ಹೇಳದಿದ್ದರೆ ಬೆರಳು ಅಂಕಿ ಎಣಿಸುತ್ತದೆ, ಕಿವಿ ನಿದ್ದೆ ಹೋಗುತ್ತದೆ.

ಇಳಯರಾಜಾ ಅವರನ್ನು ಮುಂದಿಟ್ಟು ವಾದಿಸುವವರೂ ಇದ್ದಾರೆ: ಗಿಟಾರಿಸ್ಟ್ ಆಗಿದ್ದವರು, ಹಾರ್ಮನಿಯನ್ನು ಅರೆದು ಕುಡಿದವರು. ನಿಜ, ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸಿಕೊಂಡು ಸಹಾಯಕರಾಗಿದ್ದವರೇ ಅವರು. ಆದರೆ ಅದಕ್ಕೂ ಮುಂಚೆ ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ತಿರುಗಿ ಹಾಡಿದ ವರ್ಷಗಳಿವೆ. ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿಯಲು ಕೂತಾಗ ಅವರ ಕಿವಿಯ ತುಂಬ ಮಟ್ಟುಗಳಿದ್ದವು. ನಾನು ಕೇಳುತ್ತಿರುವುದೂ ಅದೇ ಅನುಕ್ರಮ.

ಶಾಲೆಯ ವಾರ್ಷಿಕೋತ್ಸವ ಹತ್ತಿರವಿದ್ದರೆ ಎರಡು ಕಾರ್ಡು ಹೇಳಿಕೊಟ್ಟು ಮಗುವನ್ನು ವೇದಿಕೆ ಹತ್ತಿಸಿ, ಯಾರ ಗಂಟೇನೂ ಹೋಗುವುದಿಲ್ಲ. ಉಳಿದವರು ಸರಳೆ, ಜಂಟಿ ವರಸೆ, ಒಂದೆರಡು ಗೀತೆ ಮುಗಿಸಿಕೊಂಡು ಡಿ ಮೇಜರ್ ಕಾರ್ಡಿಗೆ ಬರಲಿ. ನಾಲ್ಕನೇ ತಂತಿ ಖಾಲಿ, ಮೂರನೆಯದು ಎರಡನೇ ಫ್ರೆಟ್ಟು, ಎರಡನೆಯದು ಮೂರನೇ ಫ್ರೆಟ್ಟು, ಮೊದಲನೆಯದು ಎರಡನೇ ಫ್ರೆಟ್ಟು. ಒಂದೊಂದಾಗಿ ಮೀಟಿದರೆ ಸ, ಪ, ಮೇಲಿನ ಸ, ಅದರ ಮೇಲಿನ ಗ. ನಾಲ್ಕೂ ಅವರಿಗೆ ಗೊತ್ತಿದ್ದ ಸ್ವರಗಳೇ. ಮೊದಲನೇ ತಂತಿಯ ಬೆರಳನ್ನು ಒಂದು ಫ್ರೆಟ್ಟು ಹಿಂದೆ ತಂದರೆ ಡಿ ಮೈನರ್ ಆಗುತ್ತದೆ. ಏನು ಬದಲಾಯಿತು ಎಂದು ಮೇಷ್ಟ್ರು ಕೇಳಿದರೆ, ಅಂತರ ಗಾಂಧಾರ ಇಳಿದು ಸಾಧಾರಣ ಗಾಂಧಾರವಾಯಿತು ಎಂದು ಚಿತ್ರ ನೋಡದೆಯೇ ಹೇಳುತ್ತಾರೆ.