ಭಾವೈಕ್ಯತೆ ಇದೆ, ಮನೆ ಖಾಲಿ ಇಲ್ಲ

ಗದಗಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಇರಬೇಕಾದ ಮೊದಲ ಚಿಂತೆ ನೀರಿನದು. ತುಂಗಭದ್ರೆಯ ನೀರು ನಲ್ಲಿಗೆ ಬರಲು ವಾರ ಹಿಡಿಯುವ ಊರು ಇದು. ನೆಲದ ಟಾಕಿ ಎಷ್ಟು ದೊಡ್ಡದು, ಬೋರಿಗೆ ನೀರಿದೆಯೇ, ಟ್ಯಾಂಕರ್ ಓಣಿಯೊಳಗೆ ತಿರುಗುತ್ತದೆಯೇ ಎಂದು ಬಾಡಿಗೆಗೆ ಬಂದವರು ಕೇಳಬೇಕು, ಮಾಲೀಕರು ತಲೆ ಕೆರೆದುಕೊಂಡು ಉತ್ತರ ಹೇಳಬೇಕು. ನಡೆಯುವುದು ಉಲ್ಟಾ. ಬಾಗಿಲು ಅರ್ಧ ತೆರೆಯುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ: “ಅಡ್ಡಹೆಸರ ಏನ್ರೀ ನಿಮ್ದು?”

ಈ ವಾರ ನನ್ನ ಪಿತ್ತ ಕೆರಳಿಸಿದ್ದು ಇದೇ ಪ್ರಶ್ನೆ. ಮುಂಡರಗಿ ಕಡೆಯ ಶಿಕ್ಷಕರೊಬ್ಬರಿಗೆ ಗದಗಿಗೆ ವರ್ಗವಾಗಿದೆ. ಗಂಡ, ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಪರಿಚಯದವರ ಫ್ಲ್ಯಾಟು ಖಾಲಿ ಇದೆಯಲ್ಲ ಎಂದು ನಾನೇ ಜೊತೆಗೆ ಹೋದೆ. ಶಿಕ್ಷಕರ ಅಡ್ಡಹೆಸರು ಒಂದು ಊರಿನ ಹೆಸರು. ನಮ್ಮ ಕಡೆಯ ಮನೆ ಮಾಲೀಕರಿಗೆ ಇದು ದೊಡ್ಡ ತೊಡಕು. ಒಂದೇ ಊರಿನ ಹೆಸರನ್ನು ಲಿಂಗಾಯತರೂ ಇಟ್ಟುಕೊಂಡಿರುತ್ತಾರೆ, ಮುಸಲ್ಮಾನರೂ ಇಟ್ಟುಕೊಂಡಿರುತ್ತಾರೆ. ಪಾಟೀಲ, ದೇಸಾಯಿ ಅಂದರೂ ಅಷ್ಟೇ, ಜಾತಿಯ ಪತ್ತೆ ಹತ್ತುವುದಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆ.

“ಅಂದ್ರ… ಯಾವ ಪೈಕಿ?”

ಶಿಕ್ಷಕರು ಹೇಳಿದರು.

“ನಮ್ದೇನೂ ಇಲ್ಲರೀ ಸರ, ನಾವು ಹಂಗೆಲ್ಲಾ ನೋಡೂದಿಲ್ಲ. ಆದ್ರ ಬಿಲ್ಡಿಂಗಿನ್ಯಾಗ ಎಲ್ಲಾರೂ ವೆಜ್ ಅದಾರ.”

“ಮನ್ಯಾಗ ಮಾಡೂದಿಲ್ಲರೀ. ಬೇಕಾದ್ರ ಕರಾರಿನ್ಯಾಗ ಬರದು ಕೊಡ್ತೇನಿ.”

“ಅದು ಖರೇ ಅನ್ರೀ. ಆದ್ರ ನಮ್ಮ ಹುಡುಗ ಬೆಂಗಳೂರ ಬಿಟ್ಟು ಇಲ್ಲೇ ಬರೂ ವಿಚಾರ ಮಾಡ್ಯಾನ.”

ಬೆಂಗಳೂರಿನಲ್ಲಿರುವ ಆ ಹುಡುಗನಿಗೆ ತಾನು ಮಾಡಿದ ವಿಚಾರ ಇನ್ನೂ ಗೊತ್ತಿರಲಿಕ್ಕಿಲ್ಲ.

ಮಡಿ, ಮೈಲಿಗೆ, ಮಾಂಸದ ವಾಸನೆ ಎಂದೆಲ್ಲ ನನಗೆ ಯಾರೂ ಉಪದೇಶ ಮಾಡುವುದು ಬೇಡ. ಇದೇ ಮಹಾನುಭಾವರನ್ನು ರವಿವಾರ ಮಧ್ಯಾಹ್ನ ಸಾವಜಿ ಖಾನಾವಳಿಯಲ್ಲಿ ಖೀಮಾ ಉಂಡಿಯ ಮುಂದೆ ಕಂಡವನು ನಾನು. “ಶಾಕಾಹಾರಿಗಳಿಗೆ ಮಾತ್ರ” ಎಂಬ ಬೋರ್ಡಿಗೂ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಇದ್ದಿದ್ದರೆ, ಮಾಂಸ ಬೇಯಿಸುವುದಿಲ್ಲ ಎಂದು ಬರೆದುಕೊಡಲು ಸಿದ್ಧರಿದ್ದವರಿಗೆ ಕೀಲಿ ಸಿಗಬೇಕಿತ್ತು. ಜಾತಿ ಕೇಳಲು ನಾಚಿಕೆಯಾದವರು ಅಡುಗೆ ಕೇಳುತ್ತಾರೆ, ಅಷ್ಟೇ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಭಾವೈಕ್ಯತೆಯ ಭಾಷಣ ಕೇಳಿ ಕೇಳಿ ಕಿವಿ ತೂತಾದ ಜಿಲ್ಲೆ ನಮ್ಮದು. ಶಿರಹಟ್ಟಿಗೆ ಹೋದರೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಫಕ್ಕೀರೇಶ್ವರರ ಮಠ. ಲಕ್ಷ್ಮೇಶ್ವರಕ್ಕೆ ಹೋದರೆ ಸೋಮೇಶ್ವರ, ಶಂಖ ಬಸದಿ, ದೂದನಾನಾ ದರ್ಗಾ ಮೂರೂ ಒಂದೇ ಊರಿನಲ್ಲಿ. ಗದಗಿನಲ್ಲಂತೂ ವೀರನಾರಾಯಣ, ತ್ರಿಕೂಟೇಶ್ವರ ಮತ್ತು ಜುಮ್ಮಾ ಮಸೀದಿ ಮೂರಕ್ಕೂ ಸೇರಿ ಒಂದೇ ಟ್ರಸ್ಟ್. ದೇವರುಗಳು ಒಂದೇ ಕಮಿಟಿಯ ಕೆಳಗೆ ತಕರಾರಿಲ್ಲದೆ ಇದ್ದಾರೆ. ಭಕ್ತರಿಗೆ ಒಂದೇ ಜಿನೆ ಹತ್ತಿಳಿಯುವುದು ಆಗುವುದಿಲ್ಲ.

ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಕೋಮು ಸೌಹಾರ್ದಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. ಅವರ ಜಯಂತಿಯನ್ನು ಭಾವೈಕ್ಯತಾ ದಿನವೆಂದು ಆಚರಿಸಲು ಹೊರಟಾಗ ಭಾವೈಕ್ಯತೆಯ ಪರಂಪರೆ ತಮ್ಮ ಮಠದ್ದು ಎಂದು ಶಿರಹಟ್ಟಿ ಕಡೆಯಿಂದ ತಕರಾರು ಎದ್ದಿತು. ಅದನ್ನು ಮತ್ತೆ ಕೆದಕುವುದಿಲ್ಲ.

ಹಿರಿಯರನ್ನು ಕೇಳಿದರೆ “ನಮ್ಮ ಕಾಲದಾಗ ಹಿಂಗ ಇರಲಿಲ್ಲ ಬಿಡ್ರಿ” ಅನ್ನುತ್ತಾರೆ. ಸುಳ್ಳು. ಅವರ ಕಾಲದಲ್ಲಿ ಬಾಡಿಗೆ ಮನೆ ಕೇಳುವವರು ಕಡಿಮೆ ಇದ್ದರು, ಆದ್ದರಿಂದ ಇಲ್ಲ ಅನ್ನುವ ಪ್ರಸಂಗವೂ ಕಡಿಮೆ. ಗದಗದ ಹಳೆಯ ಓಣಿಗಳಲ್ಲಿ ಯಾರು ಎಲ್ಲಿ ಇರಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಭಾಗದಲ್ಲಿ ಮಾತ್ರ ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ ಎಂದು ಎಲ್ಲರ ಮಗ್ಗದ ಸದ್ದು ಒಂದೇ ಬೀದಿಯಲ್ಲಿ ಕೇಳುತ್ತಿತ್ತು. ಅದು ಹೊಟ್ಟೆಪಾಡು ಮಾಡಿಸಿದ ಒಗ್ಗಟ್ಟು. ಮೆಡಿಕಲ್ ಕಾಲೇಜು ಬಂತು, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಬಂತು, ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿದವು. ಹೊರಗಿನಿಂದ ನರ್ಸು, ಡಾಕ್ಟರು, ಎಂಜಿನಿಯರು ಬಂದರು. ಅಪಾರ್ಟ್‌ಮೆಂಟುಗಳೂ ಎದ್ದವು. ಈಗಲಾದರೂ ಜನ ಬೆರೆಯುತ್ತಾರೆ ಅಂದುಕೊಂಡೆ. ಅಡ್ಡ ಮಲಗಿದ್ದ ಓಣಿ ಲಿಫ್ಟು ಹಾಕಿಸಿಕೊಂಡು ಎದ್ದು ನಿಂತಿತು, ಅಷ್ಟೇ ಆದದ್ದು.

ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ದವಾಖಾನೆ ಅನ್ನುತ್ತಾರೆ. ಹೆರಿಗೆ ನೋವು ಬಂದಾಗ ಅಲ್ಲಿಗೆ ಓಡಿದ ನಮ್ಮ ಅಜ್ಜಿಯಂದಿರು ದಾದಿಯ ಅಡ್ಡಹೆಸರು ಕೇಳಲಿಲ್ಲ. ಇವತ್ತು ಅದೇ ಕೆಲಸ ಮಾಡುವ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಮನೆ ಕೇಳಿಕೊಂಡು ಬಂದರೆ ಮೊಮ್ಮಕ್ಕಳು ಕೇಳುತ್ತಾರೆ.

ಕಾನೂನು ಏನು ಮಾಡುತ್ತಿದೆ ಎಂದರೆ, ಅರ್ಧ ದಾರಿಯಲ್ಲಿ ಕೂತಿದೆ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಮಾತಾಡುತ್ತದೆ. ನಮ್ಮ ಮಾಲೀಕರ ಕಟ್ಟಡದ ಕೆಳಗೆ ಅವರದೇ ಕಿರಾಣಿ ಅಂಗಡಿ ಇದೆ. ಅಲ್ಲಿ ಶಿಕ್ಷಕರಿಗೆ ಜಾತಿ ನೋಡಿ ಸಕ್ಕರೆ ಇಲ್ಲ ಅನ್ನುವಂತಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಇಲ್ಲ ಅನ್ನಬಹುದು. ದಲಿತರ ಮಟ್ಟಿಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೆಯ ಕಲಮು ಸ್ಪಷ್ಟವಾಗಿದೆ: ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಹಿಡಿಯದಂತೆ ತಡೆಯುವುದು ಅಪರಾಧ. ಆದರೆ “ಹುಡುಗ ಬರ್ತಾನ” ಎಂಬ ಮಾತನ್ನು ಯಾವ ಕೋರ್ಟಿನಲ್ಲಿ ಸಾಬೀತು ಮಾಡುತ್ತೀರಿ? ಮುಸಲ್ಮಾನರಿಗೆ ಅಷ್ಟೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆಯ ಲೆಕ್ಕ, ಮನೆ ಬಿಡಿಸುವ ಕ್ರಮ ಎಲ್ಲವನ್ನೂ ಹೇಳಿ, ಜಾತಿ, ಧರ್ಮ ನೋಡಿ ಮನೆ ಇಲ್ಲ ಅನ್ನುವ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೇಂದ್ರದ 2021ರ ಮಾದರಿ ಕಾಯ್ದೆ ಡಿಪಾಜಿಟ್ಟು ಎರಡು ತಿಂಗಳ ಬಾಡಿಗೆ ದಾಟಬಾರದು ಅಂದಿತು, ಸಂತೋಷ. ಮನೆಯನ್ನೇ ಕೊಡದವರ ಬಳಿ ಡಿಪಾಜಿಟ್ಟಿನ ಚೌಕಾಸಿ ಏನು ಮಾಡೋಣ? ಸುಪ್ರೀಂ ಕೋರ್ಟಂತೂ 2005ರಲ್ಲಿ ಅಹಮದಾಬಾದಿನ ಪಾರಸಿ ಹೌಸಿಂಗ್ ಸೊಸೈಟಿಯ ಮೊಕದ್ದಮೆಯಲ್ಲಿ, ನಮ್ಮವರಿಗೆ ಮಾತ್ರ ಸದಸ್ಯತ್ವ ಅನ್ನುವ ನಿಯಮವನ್ನೇ ಎತ್ತಿಹಿಡಿಯಿತು.

ಇದು ನಮ್ಮೂರಿನ ರೋಗವಷ್ಟೇ ಎಂದೇನಲ್ಲ. ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ದಲಿತರಿಗೆ, ಅವರಿಗಿಂತ ಹೆಚ್ಚಾಗಿ ಮುಸ್ಲಿಮರಿಗೆ ಬಾಗಿಲು ಮುಚ್ಚಿದವು. ಸಿಂಗಪುರದಲ್ಲಿ 1989ರಿಂದ ಸರ್ಕಾರಿ ವಸತಿಯ ಪ್ರತಿ ಬ್ಲಾಕಿನಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಎಂದು ಮಿತಿ ಹಾಕಿದ್ದಾರೆ. ಅಷ್ಟು ಬಿಗಿ ನಮಗೆ ಬೇಡ. ಜಾತಿ, ಧರ್ಮ ನೋಡಿ ಮನೆ ಇಲ್ಲ ಅನ್ನುವಂತಿಲ್ಲ ಎಂದು ಬಾಡಿಗೆ ಕಾಯ್ದೆಗೆ ಒಂದೇ ಸಾಲು ಸೇರಿಸಿದರೆ ಸಾಕು. 2023ರಲ್ಲಿ ಕಾನೂನು ಮಂತ್ರಿಯಾದ ಎಚ್.ಕೆ. ಪಾಟೀಲರು ಗದಗದವರೇ, ದೂರವೇನೂ ಇಲ್ಲ.

ಮಾಲೀಕರ ಪರವಾಗಿ ಒಂದು ಮಾತು ಒಪ್ಪುತ್ತೇನೆ. ಸಾಲ ಮಾಡಿ ಕಟ್ಟಿದ ಮನೆ ಅವರದು, ಕೊಟ್ಟವರು ಬಿಡದಿದ್ದರೆ ಎಂಬ ಹೆದರಿಕೆ ಸಹಜ. ಹಾಗಾದರೆ ಸಂಬಳದ ಚೀಟಿ ಕೇಳಿ, ಹಿಂದಿನ ಮಾಲೀಕರಿಗೆ ಫೋನು ಹಚ್ಚಿ, ಹನ್ನೊಂದು ತಿಂಗಳ ಕರಾರು ಮಾಡಿಸಿ. ಬಾಡಿಗೆ ಮುಳುಗಿಸುವವರು ಎಲ್ಲ ಜಾತಿಯಲ್ಲೂ ಸಮಪ್ರಮಾಣದಲ್ಲಿ ಹುಟ್ಟುತ್ತಾರೆ. ಅಷ್ಟರಮಟ್ಟಿಗೆ ಭಾವೈಕ್ಯತೆ ಖರೇ.

ಶಿಕ್ಷಕರಿಗೆ ಕೊನೆಗೆ ಮನೆ ಸಿಕ್ಕಿತು, ಅವರವರದೇ ಓಣಿಯಲ್ಲಿ. ಸುದ್ದಿ ತಿಳಿದ ಮಾಲೀಕರು ನನಗೇ ಹೇಳಿದರು: “ನೋಡ್ರೀ, ಅವರು ಅವರವರ ಒಂದ ಕಡೆ ಇರ್ತಾರ, ನಮ್ಮ ಜೋಡಿ ಬೆರಿಯೂದಿಲ್ಲ.” ಫ್ಲ್ಯಾಟು ಇನ್ನೂ ಖಾಲಿ ಇದೆ. ಭಾವೈಕ್ಯತೆ ಯಾವ ಮಠದ್ದು ಎಂಬ ವಾದ ನಡೆಯುವುದಿದ್ದರೆ ನಡೆಯಲಿ. ಮಾಲೀಕರು ಯಾರೇ ಆಗಲಿ, ಅದನ್ನು ಬಾಡಿಗೆಗೆ ಮಾತ್ರ ಈ ಊರಿನಲ್ಲಿ ಯಾರೂ ಕೊಡುವುದಿಲ್ಲ.