ಹೊಸ ದಾಳಿಗಾರ ಬಂದರೆ ತಂಡ ಬದಲಾಗುವುದೇ?



ಪ್ರೊ ಕಬಡ್ಡಿಯ ಹರಾಜು ಸಮೀಪಿಸಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ತಪ್ಪದೆ ನನ್ನ ನೆನಪಾಗುತ್ತದೆ. "ಮೇಷ್ಟ್ರೇ, ಈ ಸಲ ನಮ್ಮ ಬುಲ್ಸ್‌ನವರು ಯಾವ ರೈಡರ್‌ನನ್ನು ಕೊಂಡರೆ ತಂಡ ಉದ್ಧಾರವಾದೀತು?" ಎಂಬುದು ಅವರ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುವಾಗಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ: "ಹೊರಗಿನಿಂದ ಯಾರನ್ನು ಕರೆಸೋಣ?" ಗಣಿತ ಕಲಿಸುತ್ತಿದ್ದ ನನಗೆ ಕಬಡ್ಡಿಯ ಗೊಡವೆ ಅಂಟಿದ್ದು, ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದ ಕಾರಣದಿಂದ. ಹಾಗೆ ಅಂಟಿದ್ದು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಆದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಒಮ್ಮೆ ವಿವರವಾಗಿ ಬರೆದುಬಿಡುವುದು ಒಳಿತೆನಿಸಿತು.

ಹೊಸ ದಾಳಿಗಾರನೊಬ್ಬ ತಂಡಕ್ಕೆ ಬಂದರೆ ಅನುಕೂಲವಾಗುವುದರಲ್ಲಿ ಸಂಶಯವಿಲ್ಲ. ಆದರೆ ಆ ಅನುಕೂಲವನ್ನು ಅವನು ಗಳಿಸಿದ ಅಂಕಗಳಿಂದ ಅಳೆಯುವುದು ಸರಿಯಲ್ಲ. ಅವನು ಬಂದ ಮೇಲೆ ಉಳಿದ ದಾಳಿಗಾರರು ಎಷ್ಟು ಗಳಿಸಿದರು ಎಂಬುದರಿಂದ ಅಳೆಯಬೇಕು ಎಂಬುದು ನನ್ನ ವಾದ.

ಲೆಕ್ಕವನ್ನೇ ನೋಡೋಣ. ಗಂಡಸರ ಪಂದ್ಯ 40 ನಿಮಿಷಗಳದ್ದು. ಒಂದು ದಾಳಿಗೆ ಹೆಚ್ಚೆಂದರೆ 30 ಸೆಕೆಂಡು. ಎರಡೂ ಕಡೆಯವರು ಪ್ರತಿ ಸಲ ಪೂರ್ತಿ ಸಮಯ ಬಳಸಿದರೆ 80 ದಾಳಿಗಳಾದವು, ಅಂದರೆ ಒಂದು ತಂಡದ ಪಾಲಿಗೆ 40. ಊರಿಗೆಲ್ಲ ಹೆಸರಾದ ದಾಳಿಗಾರನಾದರೂ ಇವುಗಳಲ್ಲಿ ಅರ್ಧದಷ್ಟಕ್ಕೆ ಹೋದಾನು. ಉಳಿದ 20ಕ್ಕೆ ಯಾರು ಹೋಗುತ್ತಾರೆ? ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಹೆಸರಾಂತ ಆಟಗಾರ ಸಿಕ್ಕಿಬಿದ್ದು ಹೊರಗೆ ಕುಳಿತಾಗ ಏನಾಗುತ್ತದೆ? ಕಬಡ್ಡಿಯಲ್ಲಿ ಔಟಾದವನು ತಾನಾಗಿ ಒಳಬರುವಂತಿಲ್ಲ. ದಾಳಿಯಿಂದಲೋ ಹಿಡಿತದಿಂದಲೋ ಎದುರಾಳಿಯೊಬ್ಬನನ್ನು ಹೊರಗೆ ಕಳಿಸಿದರೆ ಮಾತ್ರ ನಮ್ಮವನೊಬ್ಬ ಒಳಗೆ ಬರುತ್ತಾನೆ. ಮೊದಲು ಹೋದವನಿಗೆ ಮೊದಲ ಸರದಿ. ಬೋನಸ್ ಗೆರೆ ಮುಟ್ಟಿ ತಂದ ಅಂಕದಿಂದ ಯಾರೂ ಒಳಗೆ ಬರುವುದಿಲ್ಲ. ಆದುದರಿಂದ ಎರಡನೆಯ ದಾಳಿಗಾರ ಒಬ್ಬನನ್ನು ಮುಟ್ಟಿ ಬಂದನೆಂದರೆ ಫಲಕದ ಮೇಲೆ ಏರುವುದು ಒಂದೇ ಅಂಕವಾದರೂ ಅಂಗಳಕ್ಕೆ ಮರಳುವವನು ತಂಡದ ಮೊದಲ ದಾಳಿಗಾರ. ಅವನು ಮುಂದೆ ತರುವ ಅಂಕಗಳಲ್ಲಿ ಇವನಿಗೂ ಪಾಲುಂಟು. ಅದನ್ನು ಯಾವ ಅಂಕಪಟ್ಟಿಯೂ ಬರೆದಿಡುವುದಿಲ್ಲ.

ಇನ್ನೊಂದು ಸಂಗತಿ ದಿಕ್ಕಿಗೆ ಸೇರಿದ್ದು. ರಕ್ಷಣೆಗೆ ನಿಂತ ಏಳು ಮಂದಿ ಕೈ ಕೈ ಹಿಡಿದು ಸರಪಳಿ ಕಟ್ಟಿ, ದಾಳಿಗಾರ ವಾಲಿದ ಕಡೆಗೆ ಒಟ್ಟಾಗಿ ಸರಿಯುತ್ತಾರೆ. ತಂಡದ ದಾಳಿಗಾರರೆಲ್ಲರೂ ಒಂದೇ ಮೂಲೆಗೆ ನುಗ್ಗುವ ಅಭ್ಯಾಸದವರಾದರೆ ಆ ಸರಪಳಿಗೆ ಹೆಚ್ಚಿನ ಶ್ರಮವಿಲ್ಲ. ಅದೇ ಮೂಲೆಗೆ ನುಗ್ಗುವ ಮತ್ತೊಬ್ಬ ಬಲಿಷ್ಠನನ್ನು ತಂದರೂ ಎದುರಾಳಿಗೆ ಹೊಸ ಚಿಂತೆ ಹುಟ್ಟುವುದಿಲ್ಲ. ವಿರುದ್ಧ ಮೂಲೆಯನ್ನು ಕೆಣಕಬಲ್ಲ ಸಾಧಾರಣ ಆಟಗಾರನೊಬ್ಬ ಬಂದರೆ ಸರಪಳಿಗೆ ಎರಡು ಕಡೆ ಕಣ್ಣಿಡಬೇಕಾಗುತ್ತದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಫುಟ್‌ಬಾಲಿನ ಹುಚ್ಚಿನವನು. ಅಲ್ಲಿ 'ವೈಡ್ ರಿಸೀವರ್' ಎಂದು ಅಂಗಳದ ಅಂಚಿನಲ್ಲಿ ದೂರ ಓಡಿ ಚೆಂಡು ಹಿಡಿಯುವವನೊಬ್ಬನಿರುತ್ತಾನಂತೆ; ಒಳ್ಳೆಯವನೊಬ್ಬ ಬಂದರೆ ಅವನ ಹಿಂದೆ ಇಬ್ಬರು ಓಡಬೇಕಾಗಿ ಬಂದು, ಚೆಂಡು ಅವನ ಕೈಗೆ ಬಾರದಿದ್ದರೂ ಉಳಿದವರಿಗೆ ದಾರಿ ತೆರೆಯುತ್ತದಂತೆ. ಆಟ ಬೇರೆಯಾದರೂ ಲೆಕ್ಕ ನಮ್ಮದೇ ಎಂದು ಅವನಿಗೆ ಹೇಳಿದೆ.

ಈಗ ಬುಲ್ಸ್ ವಿಷಯ. 2018ರ ಆವೃತ್ತಿಯಲ್ಲಿ ಪವನ್ ಸೆಹ್ರಾವತ್ ಗುಜರಾತಿನಿಂದ ಬೆಂಗಳೂರಿಗೆ ಮರಳಿ ಬಂದರು. ಗುಜರಾತಿನಲ್ಲಿ ಅವರಿಗೆ ಹೆಚ್ಚಿನ ಅವಕಾಶವೇ ಸಿಕ್ಕಿರಲಿಲ್ಲ. ಬೆಂಗಳೂರಿನಲ್ಲಿ ಆ ವರ್ಷ ಅವರು ಗಳಿಸಿದ ದಾಳಿ ಅಂಕಗಳು 271. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ, ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ತಂಡವನ್ನು ಒಬ್ಬರೇ 22 ಅಂಕ ತಂದು ಎತ್ತಿ ನಿಲ್ಲಿಸಿದರು. 38–33ರಿಂದ ಬುಲ್ಸ್‌ಗೆ ಮೊದಲ ಪ್ರಶಸ್ತಿ. ಆ ರಾತ್ರಿಯನ್ನು ನೆನೆದು "ನೋಡಿ, ಒಬ್ಬ ರೈಡರ್ ಸಾಕು" ಎನ್ನುವವರು ಬಹಳ. ಆದರೆ ಆ ಆವೃತ್ತಿಯುದ್ದಕ್ಕೂ ಅವರ ಜೊತೆಯಲ್ಲಿ ದಾಳಿಗೆ ಹೋಗುತ್ತಿದ್ದವರು ನಾಯಕ ರೋಹಿತ್ ಕುಮಾರ್; ನೂರಕ್ಕೂ ಮಿಕ್ಕಿ ಅಂಕ ಗಳಿಸಿದವರು. ಮರು ವರ್ಷ, 2019ರಲ್ಲಿ, ಪವನ್ 346 ದಾಳಿ ಅಂಕ ಗಳಿಸಿದರು. ಒಂದೇ ಪಂದ್ಯದಲ್ಲಿ 39 ತಂದ ಆಶ್ಚರ್ಯವೂ ಆ ವರ್ಷದ್ದೇ. ರೋಹಿತ್ ಗಾಯಗೊಂಡು ಹೊರಗುಳಿದಿದ್ದರು. ತಂಡ ಸೆಮಿಫೈನಲ್‌ನಲ್ಲಿ ದೆಹಲಿಗೆ ಸೋತಿತು. ಒಬ್ಬನ ಅಂಕ 75 ಹೆಚ್ಚಿತು, ಫಲ ಕಡಿಮೆಯಾಯಿತು.

2022ರ ಹರಾಜು ಇನ್ನೂ ಸ್ವಾರಸ್ಯಕರ. ತಮಿಳ್ ತಲೈವಾಸ್ ತಂಡ ಪವನ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು, ಬುಲ್ಸ್ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲಾ ಅವರನ್ನು ತಂದಿತು. ನಡೆದದ್ದೇನು? ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದರು. ಆಗ ತಲೈವಾಸ್ ತಂಡವನ್ನು ಹೊತ್ತು ನಿಂತವನು ನರೇಂದರ್ ಎಂಬ ಹೊಸ ಹುಡುಗ. 243 ದಾಳಿ ಅಂಕ ತಂದು, ಆ ತಂಡವನ್ನು ಮೊದಲ ಬಾರಿಗೆ ಸೆಮಿಫೈನಲ್‌ಗೆ ಮುಟ್ಟಿಸಿದ. ಬುಲ್ಸ್‌ನಲ್ಲಿ ಮೆರೆದವರು ಕೋಟಿಯ ವಿಕಾಸ್ ಅಲ್ಲ, ಮೊದಲೇ ತಂಡದಲ್ಲಿದ್ದ ಭರತ್, 279 ಅಂಕ. ಎರಡೂ ಕಡೆ ದೊಡ್ಡ ಮರ ಸರಿದ ಮೇಲೆ ಅದರ ನೆರಳಿನಲ್ಲಿದ್ದ ಸಸಿಗೆ ಬಿಸಿಲು ಸಿಕ್ಕಿತು.

2024ರ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ, ನೋವಿನದು. ಲೀಗಿನಲ್ಲಿ ಅದುವರೆಗೆ ಅತಿ ಹೆಚ್ಚು ದಾಳಿ ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ತಂದರು. 22 ಪಂದ್ಯಗಳಲ್ಲಿ ಎರಡೇ ಗೆಲುವು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಮರು ವರ್ಷ ನಮ್ಮವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು. ಇರಾನಿನ ಅಲಿರೇಜಾ ಮಿರ್ಜಾಯಿಯನ್ ಪ್ರಮುಖ ದಾಳಿಗಾರನಾದ. ತಂಡ ಪ್ಲೇಆಫ್ ತಲುಪಿತು. ಹೊಸ ದಾಳಿಗಾರನಿಂದ ಲಾಭವಾದದ್ದು ಇಲ್ಲಿ ನಿಜ. ಆದರೆ ಆ ವರ್ಷ ಹಿಡಿಯುವವರೂ ಚೆನ್ನಾಗಿ ಹಿಡಿದರು ಎಂಬುದನ್ನು ಮರೆಯಬಾರದು. ಒಂದೊಂದು ಹಿಡಿತವೂ ಹೊರಗೆ ಕುಳಿತ ದಾಳಿಗಾರನನ್ನು ಒಳಗೆ ಕರೆತರುತ್ತದೆ.

ದೊಡ್ಡವರ ಆಟ ಅಷ್ಟಿರಲಿ. ಈ ಲೆಕ್ಕ ನನಗೆ ಅರ್ಥವಾದದ್ದು 1990ರ ದಶಕದಲ್ಲಿ, ಹುಣಸೂರು ತಾಲ್ಲೂಕಿನ ಕಾಡಂಚಿನ ಪ್ರೌಢಶಾಲೆಯೊಂದರಲ್ಲಿ. ನಮ್ಮಲ್ಲಿ ಎತ್ತರದ, ಗಟ್ಟಿಮುಟ್ಟಾದ ದಾಳಿಗಾರನೊಬ್ಬನಿದ್ದ. ಹೋದರೆ ಎದುರಾಳಿಯ ಎಡಮೂಲೆಗೇ ಹೋಗುವನು. ಎರಡು ಸಲ ಅಂಕ ತರುವನು, ಮೂರನೆಯ ಸಲ ಸಿಕ್ಕಿಬೀಳುವನು. ಆಮೇಲೆ ಅರ್ಧ ಪಂದ್ಯ ಗೆರೆಯಾಚೆ ಕುಳಿತು ಮಣ್ಣು ಕೆದಕುವನು. ಉಳಿದವರು ಉಸಿರು ಬಿಗಿಹಿಡಿದು ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಹೋಬಳಿ ಮಟ್ಟದಲ್ಲೇ ನಮ್ಮ ಯಾತ್ರೆ ಮುಗಿಯುತ್ತಿತ್ತು. ಕ್ರೀಡಾಕೂಟದ ತಿಂಗಳುಗಳೇ ಹೊಗೆಸೊಪ್ಪಿನ ತಿಂಗಳುಗಳಾದ್ದರಿಂದ, ರಾತ್ರಿಯೆಲ್ಲ ಬ್ಯಾರನ್ನಿಗೆ ಬೆಂಕಿ ಹಾಕಿ ಬಂದ ಹುಡುಗರು ಅಭ್ಯಾಸದ ಹೊತ್ತಿಗೆ ತೂಕಡಿಸುತ್ತಿದ್ದರು ಎಂಬುದನ್ನೂ ಹೇಳಬೇಕು.

ಒಂದು ವರ್ಷ ಒಂಬತ್ತನೆಯ ತರಗತಿಗೆ ಹಾಡಿಯ ಹುಡುಗನೊಬ್ಬ ಸೇರಿದ. ಕುಳ್ಳು, ಸಣಕಲು ಮೈ, ಎಡಗೈ ಬಳಕೆ. ಮಾತು ಕಡಿಮೆ. ಸಹಜವಾಗಿಯೇ ಎದುರಾಳಿಯ ಬಲಮೂಲೆಯತ್ತ ವಾಲುತ್ತಿದ್ದ. ಒಂದು ಪಂದ್ಯದಲ್ಲಿ ಅವನು ತರುತ್ತಿದ್ದುದು ಮೂರೋ ನಾಲ್ಕೋ ಅಂಕ. ಕೂಗಾಟ, ತೊಡೆ ತಟ್ಟುವಿಕೆ ಒಂದೂ ಇಲ್ಲ. ಬೆರಳ ತುದಿಯಿಂದ ಒಬ್ಬನನ್ನು ಮುಟ್ಟಿ, ಮಧ್ಯರೇಖೆ ದಾಟಿ ತನ್ನ ಜಾಗಕ್ಕೆ ಹೋಗಿ ನಿಲ್ಲುವನು. ಆದರೆ ಅವನು ಮುಟ್ಟಿದಾಗಲೆಲ್ಲ ನಮ್ಮ ಎತ್ತರದ ಹುಡುಗ ಪುಟಿದು ಒಳಗೆ ಬರುತ್ತಿದ್ದ. ಬಲಮೂಲೆಯವರು ಇವನಿಗಾಗಿ ಕಾಯತೊಡಗಿದ ಮೇಲೆ ಎಡಮೂಲೆಯ ಕಟ್ಟು ಸಡಿಲವಾಯಿತು. ನನ್ನ ಹಾಜರಿ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ನಾನು ಗೆರೆ ಹಾಕಿ ಎಣಿಸುತ್ತಿದ್ದೆ: ಎತ್ತರದವನ ಅಂಕಗಳು ಹೆಚ್ಚುಕಡಿಮೆ ಎರಡು ಪಟ್ಟಾದವು. ಆ ವರ್ಷ ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದೆವು. ಉತ್ತಮ ಆಟಗಾರನ ಬಹುಮಾನ ಎತ್ತರದವನಿಗೆ ಬಂತು. ಅದು ಅವನಿಗೆ ಸಲ್ಲಬೇಕಾದದ್ದೇ. ಹಾಡಿಯ ಹುಡುಗನ ಹೆಸರನ್ನು ಶಾಲಾ ವಾರ್ಷಿಕೋತ್ಸವದ ವರದಿಯಲ್ಲಿ ಯಾರೂ ಓದಲಿಲ್ಲ.

ಹತ್ತನೆಯ ತರಗತಿಯ ನಂತರ ಅವನು ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋದ. ಆದರೂ ಹೊನಲು ಬೆಳಕಿನ ಪಂದ್ಯಾವಳಿ ಇದೆಯೆಂದರೆ ಕೂಲಿ ಬಿಟ್ಟು, ಬಸ್ಸು ಹಿಡಿದು ಬರುತ್ತಿದ್ದ. ಹಾಗೆ ಬಂದ ಒಂದು ರಾತ್ರಿ ನಾನೂ ಪ್ರೇಕ್ಷಕರ ನಡುವೆ ಇದ್ದೆ. ತಂಡದವರು ಹೊರಗಿನಿಂದ ಮೂವರು ದಾಳಿಗಾರರನ್ನು ಹಣ ಕೊಟ್ಟು ಕರೆಸಿದ್ದರು. ಇವನು ಸಂಖ್ಯೆ ಬರೆದ ಬನಿಯನ್ ತೊಟ್ಟು ಬೆಳಗಿನ ಜಾವದವರೆಗೆ ಅಂಗಳದ ಪಕ್ಕದಲ್ಲಿ ಕುಳಿತಿದ್ದ. ಒಂದು ದಾಳಿಗೂ ಅವನನ್ನು ಕಳಿಸಲಿಲ್ಲ. ತಂಡ ಗೆದ್ದಿತು. ಬಹುಮಾನದ ಹಣದಲ್ಲಿ ಅತಿಥಿಗಳ ಪಾಲು ಕಳೆದು ಉಳಿದದ್ದು ಬಾಡೂಟಕ್ಕಾಯಿತು. ಮರುದಿನ ಸಿಗುವ ಮೊದಲ ಬಸ್ಸಿಗೆ ಅವನು ತೋಟಕ್ಕೆ ಹೊರಟುಹೋದ. ಮುಂದಿನ ವರ್ಷದ ಪಂದ್ಯಾವಳಿಗೆ ಅವನು ಬರಲಿಲ್ಲ.

ಅತಿಥಿ ಆಟಗಾರರನ್ನು ನಾನು ಹಳಿಯುತ್ತಿಲ್ಲ. ಅವರೂ ಎಲ್ಲಿಯೋ ಯಾವುದೋ ಹಳ್ಳಿಯ ಮಕ್ಕಳೇ. ಆಟದಿಂದ ನಾಲ್ಕು ಕಾಸು ಸಿಕ್ಕರೆ ಸಂತೋಷ. ಅವರ ಆಟವನ್ನು ಹತ್ತಿರದಿಂದ ಕಂಡರೆ ನಮ್ಮ ಹುಡುಗರಿಗೆ ಕಲಿಯಲೂ ಇದೆ. ಆದರೆ ಸಂಜೆ ಏಳಕ್ಕೆ ಜೀಪಿನಿಂದ ಇಳಿದು ಬೆಳಗಿನ ಜಾವ ಹತ್ತಿ ಹೋಗುವ ಮೂವರು, ನಮ್ಮ ಹುಡುಗರಲ್ಲಿ ಯಾರು ಯಾವ ಮೂಲೆಗೆ ನುಗ್ಗುತ್ತಾರೆಂದು ಅರಿಯುವುದು ಯಾವಾಗ? ಒಬ್ಬರ ಕಣ್ಣಸನ್ನೆ ಒಬ್ಬರಿಗೆ ತಿಳಿಯುವಷ್ಟು ದಿನ ಜೊತೆಗೆ ಆಡದವರಿಂದ ಆ ರಾತ್ರಿ ಕಪ್ಪು ಬರಬಹುದು, ತಂಡ ಬೆಳೆಯುವುದಿಲ್ಲ. ಮೂವರು ಬಂದರೆ ನಮ್ಮ ಮೂವರು ಹೊರಗೆ ಕೂರುತ್ತಾರೆ. ಮರು ವರ್ಷ ನಾಲ್ವರನ್ನು ಕರೆಸಬೇಕಾಗುತ್ತದೆ.

ಆದ್ದರಿಂದ ಸಂಘಟನೆಯಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪಂದ್ಯಾವಳಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನ, ಗಣ್ಯರ ಹೆಸರುಗಳ ನಡುವೆ ಒಂದು ಸಾಲಿಗೆ ಜಾಗ ಮಾಡಿ: ತಂಡವೊಂದಕ್ಕೆ ಅತಿಥಿ ಆಟಗಾರ ಒಬ್ಬನೇ. ಆ ಒಬ್ಬನನ್ನು ಆರಿಸುವಾಗ ಎಷ್ಟು ಅಂಕ ತರುತ್ತಾನೆ ಎನ್ನುವ ಮೊದಲು ನಿಮ್ಮ ಹುಡುಗರಿಗೆ ಯಾವ ಮೂಲೆ ಒಲಿದಿಲ್ಲ ಎಂದು ನೋಡಿಕೊಳ್ಳಿ. ಸಾಧ್ಯವಾದರೆ ಒಂದು ವಾರ ಮೊದಲೇ ಕರೆಸಿ, ಊಟ ವಸತಿ ಕೊಟ್ಟು, ನಮ್ಮ ಹುಡುಗರ ಜೊತೆ ಅಭ್ಯಾಸಕ್ಕೆ ಬಿಡಿ. ಖರ್ಚು ಮೂವರನ್ನು ಒಂದು ರಾತ್ರಿಗೆ ಕರೆಸುವುದಕ್ಕಿಂತ ಹೆಚ್ಚಾಗದು. ಬೇಕಾದರೆ ಲೆಕ್ಕ ಹಾಕಿ ಕೊಡುತ್ತೇನೆ. ಹಾಗೆ ಮಾಡುವವರಿದ್ದರೆ ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಬಂದೇ ಬರುತ್ತೇನೆ. ವೇದಿಕೆಯ ಮೇಲಿನ ಕುರ್ಚಿ ಬೇಡ, ಮಂಡಿ ನೋವಿರುವುದರಿಂದ ಅಂಗಳದ ಪಕ್ಕದಲ್ಲಿ, ನಿಮ್ಮ ಹುಡುಗರು ಕೂರುವ ಕಡೆ, ಒಂದು ಸ್ಟೂಲು ಹಾಕಿಸಿದರೆ ಸಾಕು.